ತುರುಬಿನ ಕಿವಿ

ಚಿಗಳ್ಳಿ
14 ಜೂನ್ 1964

ಚಿ. ಅಡಿವೆಯ್ಯನಿಗೆ ಅಕ್ಕ ಕಾಶೆವ್ವನ ಆಶೀರ್ವಾದ.

ಒಂದೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಕೇಳುವ ಸಾಲನ್ನು ಬಿಟ್ಟಿದ್ದೇನೆ. ಕೇಳಿದರೆ, ಇಷ್ಟು ದಿನ ಎಲ್ಲಿಗೆ ಹೋಗಿತ್ತು ಈ ಕಾಳಜಿ ಎಂದು ನೀನು ಮೂಗು ಮುರಿಯುತ್ತೀ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ ಎಂದು ತಿಳಿ.

ನನಗೆ ಕಿವಿ ಕೇಳಿಸುತ್ತಿಲ್ಲ. ಎರಡು ಮೂರು ವರ್ಷಗಳಿಂದ ಸ್ವಲ್ಪ ಸ್ವಲ್ಪವಾಗಿ ಹೋಗಿದೆ. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುತ್ತೇನೆ, ಅದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಆದರೆ ಮಕ್ಕಳಿಗೆ ಗೊತ್ತಾಗದ್ದು ಯಾವುದಿದೆ? ಹೋದ ಮಾರ್ಚಿನಲ್ಲಿ ಮೂರನೆಯ ಇಯತ್ತೆಗೆ ಏಳರ ಮಗ್ಗಿ ಹೇಳಿಸುತ್ತಿದ್ದೆ. ಎಲ್ಲರೂ ತುಟಿ ಆಡಿಸಿದರು. ನಾನು ಮೇಜಿನ ಮೇಲೆ ಛಡಿ ಬಡಿಯುತ್ತಾ ತಾಳ ಹಾಕಿ, ಕೊನೆಗೆ ‘ಶಾಬಾಸ್’ ಅಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರು ಬರೀ ತುಟಿ ಆಡಿಸಿದ್ದರಂತೆ, ಒಬ್ಬರೂ ದನಿ ಹೊರಡಿಸಿರಲಿಲ್ಲ. ಮುಖ್ಯಾಧ್ಯಾಪಕ ಶಿವಲಿಂಗಪ್ಪ ಮಾಸ್ತರರು ಬಾಗಿಲಲ್ಲೇ ನಿಂತಿದ್ದರು.

ಅವರು ಕೆಟ್ಟವರಲ್ಲ. ಮಕ್ಕಳನ್ನು ಬಿಟ್ಟ ಮೇಲೆ ನನ್ನ ಎದುರಿಗೆ ಬಂದು ನಿಧಾನವಾಗಿ ಹೇಳಿದರು: “ಅಕ್ಕೋರ, ಡಿಸೆಂಬರದಾಗ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ. ಅಷ್ಟರಾಗ ಏನರ ಉಪಾಯ ಮಾಡ್ರಿ. ಇಲ್ಲಂದ್ರ ನಾನು ಬರದು ಕೊಡಬೇಕಾಗ್ತದ, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ.” ಬರೆದುಕೊಟ್ಟರೆ ನನ್ನ ನೌಕರಿ ಹೋಯಿತು. ಹದಿನೆಂಟನೆಯ ವಯಸ್ಸಿನಿಂದ ನಾನು ಮಾಡಿದ್ದು ಇದೊಂದೇ ಕೆಲಸ, ನಿನಗೆ ಗೊತ್ತು.

ಹುಬ್ಬಳ್ಳಿಯ ಡಾಕ್ಟರರು ಔಷಧವಿಲ್ಲ ಎಂದರು. ದನಿ ಏರಿಸಿ ಕೊಡುವ ಚಿಕ್ಕ ಯಂತ್ರವಿದೆಯಂತೆ. ಪರದೇಶದಿಂದ ಬರಬೇಕು, ಅದಕ್ಕೆ ಸರಕಾರದ ಪರವಾನಗಿ ಬೇಕು, ಅದು ಕೈಗೆ ಬರುವಷ್ಟರಲ್ಲಿ ಒಂದಲ್ಲ ಎರಡು ತಪಾಸಣೆ ಮುಗಿದಿರುತ್ತವೆ. ನೀನು ದಾಂಡೇಲಿಯ ಕಾಗದದ ಕಾರಖಾನೆಯಲ್ಲಿ ಇಂಥ ಯಂತ್ರಗಳನ್ನೇ ಬಿಚ್ಚಿ ಕೂಡಿಸುತ್ತಾ ಇರುತ್ತೀ. ನಿನ್ನಿಂದ ಆಗುತ್ತದೆಯೋ ಇಲ್ಲವೋ ಬರೆ.

ಅವ್ವನ ವರ್ಷದ ದಿನ ಅಂಗಳದವರೆಗೆ ಬಂದು ತಿರುಗಿ ಹೋದೆಯಂತೆ. ಪಕ್ಕದ ಮನೆಯ ಹೊಳೆವ್ವ ಕಿಟಕಿಯಿಂದ ನಿನ್ನ ಬೆನ್ನು ನೋಡಿದಳು. ಯಾಕೆಂದು ಕೇಳುವುದಿಲ್ಲ. ನಿನಗೆಂದು ಮಾಡಿದ ಹೋಳಿಗೆಯನ್ನು ದನಕ್ಕೆ ಹಾಕಿದೆ ಎಂದಷ್ಟೇ ತಿಳಿಸುತ್ತೇನೆ.

ನಿನ್ನ ಅಕ್ಕ
ಕಾಶೆವ್ವ


ದಾಂಡೇಲಿ
22 ಜೂನ್ 1964

ಅಕ್ಕನಿಗೆ ಅಡಿವೆಯ್ಯನ ನಮಸ್ಕಾರ.

ನಿನ್ನ ಪತ್ರ ಬಂದು ನಾಲ್ಕಾರು ದಿನವಾಯಿತು.

ನಾನು ಆ ದಿನ ಸುಮ್ಮನೆ ತಿರುಗಿ ಹೋಗಲಿಲ್ಲ. ಅಂಗಳದಲ್ಲಿ ಬೇವಿನ ಗಿಡದ ಹತ್ತಿರ ನಿಂತೆ. ನೀನು ಆ ಕಡೆ ಮುಖ ಮಾಡಿ ಕಸ ಗುಡಿಸುತ್ತಿದ್ದೆ. “ಅಕ್ಕಾ, ನಾ ಬಂದೇನಿ” ಎಂದೆ. ನೀನು ಗುಡಿಸುತ್ತಲೇ ಇದ್ದೆ. ಮತ್ತೆ ಕೂಗಿದೆ. ಕೈಚೀಲ ಕೆಳಗಿಟ್ಟು ಇನ್ನೊಮ್ಮೆ ಕೂಗಿದೆ. ಅದರ ಹಿಂದಿನ ವರ್ಷ ಅವ್ವ ತೀರಿಕೊಂಡಾಗ ನಾನು ಬರುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಆಗ ನೀನು ಬಾಗಿಲಲ್ಲಿ ನಿಂತು “ಇನ್ನ ಯಾಕ ಬಂದಿ?” ಎಂದಿದ್ದೆ. ಆ ಸಿಟ್ಟು ಇಳಿದಿಲ್ಲ, ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದೀ ಎಂದುಕೊಂಡೆ. ಚೀಲ ಎತ್ತಿಕೊಂಡು ಬಸ್ಸಿಗೆ ಹೋದೆ. ಹಳಿಯಾಳದಲ್ಲಿ ಬಸ್ಸು ಬದಲಿಸುವವರೆಗೂ ನಿನ್ನನ್ನು ಬೈಯುತ್ತಾ ಇದ್ದೆ.

ನಿನಗೆ ಕೇಳಿಸಿರಲಿಲ್ಲ ಎಂದು ಈಗ ತಿಳಿಯಿತು. ಯಂತ್ರ ಮಾಡುತ್ತೇನೆ. ನನ್ನಿಂದ ಆಗುತ್ತದೆ ಎಂದು ಹೇಳಲಾರೆ, ಆದರೆ ಮಾಡುತ್ತೇನೆ. ಮೊದಲು ನನಗೆ ಇದು ಬೇಕು: ನಿನಗೆ ಯಾವ ದನಿ ಕೇಳುತ್ತದೆ, ಯಾವುದು ಕೇಳುವುದಿಲ್ಲ, ಎಷ್ಟು ದೂರದಿಂದ. ದಪ್ಪ ದನಿ ಹೋಗಿದೆಯೋ, ಸಣ್ಣ ದನಿಯೋ? ಎರಡಕ್ಕೂ ಬೇರೆ ಬೇರೆ ಲೆಕ್ಕವಿದೆ.

ನಿನ್ನ ತಮ್ಮ
ಅಡಿವೆಯ್ಯ


ಚಿಗಳ್ಳಿ
5 ಜುಲೈ 1964

ಅಡಿವ್ಯಾ,

ಕೂಗಿದ್ದೆಯಾ?

ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅತ್ತುಬಿಟ್ಟೆ ಎಂದೂ ಬರೆಯುತ್ತೇನೆ, ಮುಚ್ಚಿಟ್ಟು ಏನು ಮಾಡಲಿ? ನೀನು ಬರುತ್ತೀ ಎಂದು ಆ ದಿನ ಬೆಳಗಿನಿಂದ ಅಂಗಳವನ್ನೇ ಗುಡಿಸುತ್ತಾ ಇದ್ದೆ ಕಣೋ. ಇಲ್ಲದಿದ್ದರೆ ಹಬ್ಬಕ್ಕೂ ಯಾರು ಅಷ್ಟು ಗುಡಿಸುತ್ತಾರೆ!

ಈಗ ನಿನ್ನ ಪ್ರಶ್ನೆಗೆ. ಮುಂಡಗೋಡಿನ ಬಸ್ಸು ಕೇಳುತ್ತದೆ. ಮಾಸ್ತರರ ಕೆಮ್ಮು ಕೇಳುತ್ತದೆ, ಅದು ಬೇಡವೆಂದರೂ ಕೇಳುತ್ತದೆ. ಎತ್ತು ಕೂಗಿದ್ದು ಕೇಳುತ್ತದೆ, ಕೊರಳ ಗೆಜ್ಜೆ ಕೇಳುವುದಿಲ್ಲ. ಸಾಸಿವೆ ಸಿಡಿಯುವುದು ಕೇಳುವುದಿಲ್ಲ, ಹೀಗಾಗಿ ದಿನಾ ಒಗ್ಗರಣೆ ಹೊತ್ತಿಸುತ್ತೇನೆ. ಗಂಡಸರ ದನಿ ಹತ್ತಿರವಿದ್ದರೆ ಬರುತ್ತದೆ, ಆದರೆ ಕಸ ಗುಡಿಸುವ ಬಾರಿಗೆಯ ಸಪ್ಪಳದಂಥದ್ದೊಂದು ಅಡ್ಡ ಬಂದರೆ ಮುಗಿಯಿತು. ಮಕ್ಕಳ ದನಿ ಪೂರಾ ಹೋಗಿದೆ. ನನಗೆ ಬೇಕಾದದ್ದು ಅದೇ.

ಕಾಶೆವ್ವ


ದಾಂಡೇಲಿ
16 ಆಗಸ್ಟ್ 1964

ಅಕ್ಕನಿಗೆ ನಮಸ್ಕಾರ.

ಸಣ್ಣ ದನಿಯನ್ನು ಎತ್ತಿ ಕೊಟ್ಟು ದಪ್ಪ ದನಿಯನ್ನು ತಡೆದರೆ ಸಾಕು ಎಂದಾಯಿತು. ಮಾಸ್ತರರ ಕೆಮ್ಮನ್ನೂ ತಡೆಯುತ್ತೇನೆ. ಟ್ರಾನ್ಸಿಸ್ಟರುಗಳನ್ನು ಮುಂಬಯಿಯಿಂದ ತರಿಸಿದ್ದೇನೆ.

ಜನ್ಮವೆಲ್ಲ ನೀನು ಪಾಠ ಹೇಳಿದೆ, ಈಗ ನನ್ನ ಪಾಠ ಕೇಳು. ರೇಡಿಯೋದ ಹಿಂದಿನ ಮುಚ್ಚಳ ತೆಗೆದರೆ ತಂತಿಗಳ ಗೋಜಲು ಕಾಣುತ್ತದೆಯಲ್ಲ? ಅದಕ್ಕೆ ಜಾಗ ಬೇಕು. ನಿನ್ನ ಯಂತ್ರ ಬೆಂಕಿಪೊಟ್ಟಣದಷ್ಟಿರಬೇಕು. ಅದಕ್ಕೆ ತಂತಿಯಿಲ್ಲದ ಹೊಸ ಪದ್ಧತಿ ಹಿಡಿದಿದ್ದೇನೆ, ಪ್ರಿಂಟೆಡ್ ಸರ್ಕಿಟ್ ಎನ್ನುತ್ತಾರೆ. ಕಂದು ಬಣ್ಣದ ಒಂದು ಗಟ್ಟಿ ಹಲಗೆ, ಅದರ ಒಂದು ಮೈಗೆ ತೆಳ್ಳಗಿನ ತಾಮ್ರ ಅಂಟಿರುತ್ತದೆ. ತಂತಿ ಎಲ್ಲಿ ಹೋಗಬೇಕೋ ಅಲ್ಲೆಲ್ಲ ತಾಮ್ರದ ಮೇಲೆ ಎನಾಮೆಲ್ ಬಣ್ಣದ ಗೆರೆ ಎಳೆದು, ಹಲಗೆಯನ್ನು ಫೆರಿಕ್ ಕ್ಲೋರೈಡಿನ ನೀರಿನಲ್ಲಿ ಅದ್ದುತ್ತೇವೆ. ಆ ನೀರು ನೋಡಲು ಬೆಲ್ಲದ ಪಾಕದ ಹಾಗಿದೆ, ಆದರೆ ಬಣ್ಣವಿಲ್ಲದ ಕಡೆಯ ತಾಮ್ರವನ್ನೆಲ್ಲ ತಿಂದುಹಾಕುತ್ತದೆ. ಬಣ್ಣ ಒರೆಸಿದರೆ ಗೆರೆಗಳಷ್ಟೇ ತಾಮ್ರವಾಗಿ ಉಳಿದಿರುತ್ತವೆ. ಆಮೇಲೆ ತೂತು ಕೊರೆದು, ಇನ್ನೊಂದು ಮೈಯಿಂದ ಸಾಮಾನುಗಳ ಕಾಲು ಇಳಿಸಿ, ತಾಮ್ರಕ್ಕೆ ಬೆಸೆಯುವುದು. ಆ ಹಲಗೆ ಯಾವುದರದ್ದು ಎಂದರೆ ನಗುತ್ತೀ. ರಾಳದಲ್ಲಿ ನೆನೆಸಿ ಒತ್ತಿದ ಕಾಗದ! ಕಾಗದದ ಊರಿನಲ್ಲಿ ಕೂತು ಮುಂಬಯಿಯಿಂದ ಕಾಗದ ತರಿಸಿದ್ದೇನೆ.

ಮೊದಲನೆಯ ಹಲಗೆಯನ್ನು ಕೆಡಿಸಿದೆ. ನಕ್ಷೆಯನ್ನು ಸಾಮಾನಿನ ಮೈಯಿಂದ ನೋಡಿ ಬರೆದಿದ್ದೆ, ಅದನ್ನು ಹಾಗೆಯೇ ತಾಮ್ರದ ಮೈಗೆ ಇಳಿಸಿಬಿಟ್ಟೆ. ಹಲಗೆ ತಿರುವಿದಾಗ ಎಡಕ್ಕಿದ್ದದ್ದು ಬಲಕ್ಕೆ ಹೋಯಿತು, ಟ್ರಾನ್ಸಿಸ್ಟರಿನ ಒಂದು ಕಾಲೂ ತನ್ನ ಜಾಗಕ್ಕೆ ಬರಲಿಲ್ಲ. ನನ್ನ ಜೊತೆಗೆ ಕೆಲಸ ಮಾಡುವ ಮೆಕ್ಯಾನಿಕ್ ಸುಭಾನಿ ಅದನ್ನು ಹಿಡಿದು ನೋಡಿ, “ಏನ್ರಿ ಸಾಹೇಬ್ರ, ಅಂಗಿ ಒಳಮೈ ಹೊರಗ ಮಾಡಿ ತೊಟ್ಟಂಗ ಆಗೇತಲ್ಲ ಇದು!” ಎಂದ. ಎಣ್ಣೆಕಾಗದದ ಮೇಲೆ ಬರೆದು, ಕಾಗದವನ್ನೇ ಮಗುಚಿ ಹಾಕಿದ್ದರೆ ಸರಿಹೋಗುತ್ತಿತ್ತು. ಕಾಲೇಜಿನಲ್ಲಿ ಇದನ್ನು ನನಗೆ ಸ್ಪಷ್ಟವಾಗಿ ಹೇಳಿಕೊಟ್ಟಿದ್ದರು.

ಎರಡನೆಯದು ಸರಿಯಾಗಿದೆ. ಎದೆಯ ಮೇಲೆ ನೇತುಹಾಕಿಕೊಂಡು ಇಡೀ ರವಿವಾರ ತಿರುಗಿದೆ. ಕೋಗಿಲಬನದವರೆಗೆ ನಡೆದು ಹೋಗಿ ಕಾಳಿ ನದಿಯ ದಡದಲ್ಲಿ ಕುಳಿತೆ. ನೀರಿನ ಸಪ್ಪಳ ಕಿವಿಯೊಳಗೇ ಬಂತು. ಈ ಎರಡು ತಿಂಗಳು ನಾನು ಸಂತೋಷವಾಗಿದ್ದೆ ಅಕ್ಕಾ, ಹಲಗೆ ಕೆಟ್ಟ ದಿನವೂ ಸಹ. ಕೋಣೆಗೆ ಬಂದರೆ ಮಾಡಲು ಒಂದು ಕೆಲಸವಿರುತ್ತಿತ್ತು. ಇವತ್ತು ಪಾರ್ಸಲ್ ಕಟ್ಟಿದ ಮೇಲೆ ಮೇಜು ಖಾಲಿಯಾಗಿದೆ. ನೋಡಲು ಬೇಸರವಾಗುತ್ತದೆ.

ದನಿ ಹಿಡಿಯುವ ಮೈಕು ಡಬ್ಬಿಯಲ್ಲೇ ಇದೆ, ಅದರಿಂದ ಹೊರಟ ತಂತಿಯ ತುದಿಯ ಗುಂಡಿಯನ್ನು ಕಿವಿಗೆ ಇಟ್ಟುಕೋ; ಡಬ್ಬಿಗೆ ಅಂಗಿಯ ಕಿಸೆಗೆ ಸಿಕ್ಕಿಸುವ ಕ್ಲಿಪ್ಪು ಹಾಕಿದ್ದೇನೆ. ತಲುಪಿದ ಕೂಡಲೇ ಬರೆ.

ಅಡಿವೆಯ್ಯ


ಚಿಗಳ್ಳಿ
9 ಸೆಪ್ಟೆಂಬರ್ 1964

ಅಡಿವ್ಯಾ,

ಯಂತ್ರ ಬಂತು. ನಿನ್ನ ಅಕ್ಕ ಅಂಗಿ ತೊಡುತ್ತಾಳೆ ಎಂದು ನಿನಗೆ ಯಾರು ಹೇಳಿದರು? ಕಿಸೆ ಎಲ್ಲಿಂದ ತರಲಿ? ನಿನಗೆ ಒಬ್ಬ ಹೆಂಡತಿ ಇದ್ದಿದ್ದರೆ ಈ ಯಂತ್ರ ಬಾಗಿಲು ದಾಟುವ ಮೊದಲೇ ಎರಡು ಮಾತು ಅನ್ನುತ್ತಿದ್ದಳು.

ಇರಲಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಸೆರಗಿನ ಒಳಗೆ ಇಟ್ಟರೆ ಸೆರಗು ಮಾತಾಡುತ್ತದೆ, ಬರೀ ಸರಸರ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹೆಜ್ಜೆ ಇಟ್ಟರೆ ಟಕ್, ಬಗ್ಗಿದರೆ ಟಕ್, ಉಸಿರು ಬಿಟ್ಟರೂ ಟಕ್. ತಲೆಯೊಳಗೆ ಯಾರೋ ಮೊಳೆ ಹೊಡೆದ ಹಾಗೆ. ಯಂತ್ರವೇ ಕೆಟ್ಟಿದೆ ಎಂದು ಅದನ್ನು ತೆಗೆದಿಟ್ಟೆ. ಆಮೇಲೆ ಬೆಳಿಗ್ಗೆ ಪೂಜೆಗೆ ಕುಳಿತು ಕೊರಳಿನ ಕರಡಿಗೆ ಬಿಚ್ಚುವಾಗ ತಿಳಿಯಿತು. ನನ್ನ ಲಿಂಗದ ಬೆಳ್ಳಿ ಕರಡಿಗೆ ಎದೆಯ ಮೇಲೆ ಎಲ್ಲಿರುತ್ತದೆಯೋ ನಿನ್ನ ಡಬ್ಬಿಯೂ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ಒಂದಕ್ಕೊಂದು ಬಡಿಯುತ್ತವೆ.

ಇಡೀ ರವಿವಾರ ಎದೆಯ ಮೇಲೆ ಹಾಕಿಕೊಂಡು ತಿರುಗಿದೆ ಎಂದು ಬರೆದಿದ್ದೀ. ನಿನಗೆ ಟಕ್ ಎನ್ನಲಿಲ್ಲವೇ? ನಿನ್ನ ಎದೆಯ ಮೇಲೆ ಏನೂ ಇರಲಿಲ್ಲವೇ ಅಡಿವ್ಯಾ? ಅವ್ವ ತನ್ನ ಕೈಯಾರೆ ಕಟ್ಟಿದ್ದು ಅದು.

ಸಿಟ್ಟಿನಿಂದ ಕೇಳುತ್ತಿಲ್ಲ. ನೀನು ಅಲ್ಲಿ ಹೇಗಿದ್ದೀ ಎಂದು ಚಿಂತೆಯಾಗಿ ಕೇಳುತ್ತಿದ್ದೇನೆ.

ಕಾಶೆವ್ವ


ದಾಂಡೇಲಿ
4 ಅಕ್ಟೋಬರ್ 1964

ಅಕ್ಕನಿಗೆ ನಮಸ್ಕಾರ.

ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಿಳುಪು ಮಾಡುವ ವಿಭಾಗದಲ್ಲಿದ್ದೆ. ಅಲ್ಲಿಯ ಕ್ಲೋರಿನ್ ಗಾಳಿಗೆ ಬೆಳ್ಳಿ ಕಪ್ಪಾಗುತ್ತದೆ. ಕರಡಿಗೆ ಕೆಡುವುದು ಬೇಡವೆಂದು ಬಿಚ್ಚಿ ಟ್ರಂಕಿನಲ್ಲಿಟ್ಟೆ. ದಿನಾ ಸಂಜೆ ಬಂದು ಕಟ್ಟಿಕೊಳ್ಳುತ್ತಿದ್ದೆ. ಆಮೇಲೆ ಹಬ್ಬಕ್ಕೆ ಮಾತ್ರ ಎಂದಾಯಿತು. ಆಮೇಲೆ ಹಬ್ಬವನ್ನೂ ಮಾಡಲಿಲ್ಲ. ಒಬ್ಬನೇ ಇರುವವನಿಗೆ ಹಬ್ಬ ಬಂದದ್ದು ಹೇಗೆ ತಿಳಿಯಬೇಕು? ಆ ದಿನ ಮೆಸ್ಸಿನಲ್ಲಿ ಅಡುಗೆಯವನು ರಜೆ ಹಾಕುತ್ತಾನೆ, ಅಷ್ಟೇ ಗುರುತು.

ನಿನ್ನ ಪತ್ರ ಬಂದ ದಿನ ಟ್ರಂಕು ತೆಗೆದು ಕಟ್ಟಿಕೊಂಡೆ. ಪರೀಕ್ಷೆಗೆ ಎಂದು ಹೇಳಿಕೊಂಡೆ, ಟಕ್ ಎನ್ನುತ್ತದೋ ನೋಡೋಣ ಎಂದು. ಅಂದಿತು. ಪರೀಕ್ಷೆ ಮುಗಿದ ಮೇಲೂ ಬಿಚ್ಚಿಲ್ಲ.

ಈಗ ಯಂತ್ರದ ಮಾತು. ಎದೆಯ ಮೇಲೆ ಆಗುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದರೆ ಸೆರಗು ಬಿಡುವುದಿಲ್ಲ. ಹೊಸದಾಗಿ ಹಲಗೆ ಬರೆಯಬೇಕು, ಆದರೆ ಯಾವ ಆಕಾರಕ್ಕೆ ಬರೆಯಲಿ ಎಂಬುದೇ ಹೊಳೆಯುತ್ತಿಲ್ಲ. ಡಿಸೆಂಬರ್ ಹತ್ತಿರ ಬರುತ್ತಿದೆ.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನನಗೆ ಎರಡು ಕೋಣೆಯ ಕ್ವಾರ್ಟರ್ಸ್ ಇದೆ. ಒಂದು ಕೋಣೆಯ ಬಾಗಿಲನ್ನು ನಾನು ತೆಗೆಯುವುದೇ ಇಲ್ಲ. ನೌಕರಿ ಹೋದರೆ ಹೋಗಲಿ, ನೀನು ಇಲ್ಲಿಗೆ ಬಂದುಬಿಡು. ಒಮ್ಮೊಮ್ಮೆ ಬೆಸುಗೆ ಹಾಕುತ್ತಾ ಕುಳಿತಾಗ, ಇದು ಕೆಲಸ ಮಾಡದಿದ್ದರೆ ಅಕ್ಕ ಬರುತ್ತಾಳೆ ಎನಿಸುತ್ತದೆ. ಹಾಗೆ ಎನಿಸಿದ ದಿನ ಕೆಲಸ ನಿಲ್ಲಿಸಿ ಹೊರಗೆ ಹೋಗಿಬಿಡುತ್ತೇನೆ. ಅಂಥ ಮನಸ್ಸಿನಿಂದ ಹಾಕಿದ ಬೆಸುಗೆ ನಿಲ್ಲುವುದಿಲ್ಲ.

ಅಡಿವೆಯ್ಯ


ಚಿಗಳ್ಳಿ
18 ಅಕ್ಟೋಬರ್ 1964

ಅಡಿವ್ಯಾ,

ಬಿಚ್ಚಬೇಡ. ಅದರ ಬಗ್ಗೆ ಇಷ್ಟೇ.

ನಾನು ಬರುವುದಿಲ್ಲ. ನಿನಗೆ ರೊಟ್ಟಿ ಬಡಿಯುವವರು ಬೇಕಾಗಿದ್ದರೆ ಬೇರೆ ಯಾರಾದರೂ ಸಿಗುತ್ತಾರೆ ಎಂದು ಮೊದಲು ಬರೆದೆ, ಆಮೇಲೆ ಆ ಹಾಳೆಯನ್ನು ಹರಿದೆ. ನಿನಗೆ ಬೇಕಾದದ್ದು ರೊಟ್ಟಿಯಲ್ಲ ಎಂದು ನನಗೆ ತಿಳಿಯುತ್ತದೆ. ಆದರೆ ನನ್ನ ಮಾತನ್ನೂ ಕೇಳು. ಈ ಊರಿನಲ್ಲಿ ನಾನು ಅಕ್ಕೋರು. ಓಣಿಯಲ್ಲಿ ಹೊರಟರೆ ಎತ್ತಿನ ಗಾಡಿಯ ಮೇಲೆ ಕುಳಿತವನೂ ಕೆಳಗಿಳಿಯುತ್ತಾನೆ, ಅವನಿಗೆ ಅ ಆ ತಿದ್ದಿಸಿದವಳು ನಾನು. ಅಲ್ಲಿಗೆ ಬಂದರೆ ನಾನು ಅಡಿವೆಯ್ಯನವರ ಕಿವುಡಿ ಅಕ್ಕ. ನೀನು ಮುಂಜಾನೆ ಹೋದರೆ ಸಂಜೆಯವರೆಗೂ ನಾಲ್ಕು ಗೋಡೆ ನೋಡುತ್ತಾ ಕುಳಿತಿರಬೇಕು. ಒಬ್ಬರೇ ಇರುವವರು ಇಬ್ಬರಾಗುತ್ತೇವೆ, ಅಷ್ಟೇ. ಯಂತ್ರವನ್ನು ಸರಿಯಾಗಿ ಮಾಡು. ನಾನು ನಿನ್ನ ಕೈಯ ಮೇಲೆ ನಂಬಿಕೆ ಇಟ್ಟಿದ್ದೇನೆ.

ಆಕಾರ ಹೊಳೆಯುತ್ತಿಲ್ಲ ಎಂದೆ. ನನಗೆ ಹೊಳೆದಿದೆ. ತುರುಬಿನಲ್ಲಿ ಇಡು.

ನಗಬೇಡ, ಪೂರಾ ಓದು. ಎದುರಿಗಿನದು ನನಗೆ ಕಣ್ಣಿಗೆ ಕಾಣುತ್ತದೆ, ತುಟಿ ನೋಡಿ ತಿಳಿಯುತ್ತೇನೆ. ನಾನು ಸೋಲುವುದು ಬೆನ್ನ ಹಿಂದೆ. ಕರಿಹಲಗೆಯ ಕಡೆ ತಿರುಗಿದೆನೆಂದರೆ ಮಕ್ಕಳು ನನ್ನ ಪಾಲಿಗೆ ಇಲ್ಲವಾಗುತ್ತಾರೆ. ಕೂಗಿದವರೂ ಇಲ್ಲವಾಗುತ್ತಾರೆ. ಹಿಂದಿನದು ಕೇಳಬೇಕು ನನಗೆ. ತುರುಬಿಗೆ ಸೆರಗು ತಾಗುವುದಿಲ್ಲ, ಕರಡಿಗೆ ತಾಗುವುದಿಲ್ಲ, ಕಿವಿಯೂ ಹತ್ತಿರ. ನನ್ನ ಕೂದಲು ಇನ್ನೂ ದಟ್ಟವಾಗಿದೆ, ನಿನ್ನ ಬೆಂಕಿಪೊಟ್ಟಣ ಅಲ್ಲದಿದ್ದರೂ ಒಂದು ಎಲೆಅಡಿಕೆ ಡಬ್ಬಿ ಹಿಡಿಯುತ್ತದೆ.

ಕಾಶೆವ್ವ


ದಾಂಡೇಲಿ
26 ಅಕ್ಟೋಬರ್ 1964

ಅಕ್ಕಾ,

ಕಾರ್ಡಿನಲ್ಲಿ ಜಾಗವಿಲ್ಲ. ತುರುಬು ಸರಿ! ಆದರೆ ಮೈಕು ಕಿವಿಗೆ ಅಷ್ಟು ಹತ್ತಿರ ಬಂದರೆ ಕಿವಿಯಿಂದ ಸೋರಿದ ದನಿ ಮತ್ತೆ ಮೈಕಿಗೆ ಹೋಗಿ ಸಿಳ್ಳೆ ಹಾಕತೊಡಗುತ್ತದೆ. ಸೋರದಂತೆ ಕಿವಿ ಬಿಗಿಯಾಗಿ ಮುಚ್ಚಬೇಕು, ಅದಕ್ಕೆ ನಿನ್ನ ಕಿವಿಯ ಅಚ್ಚು ಬೇಕು. ಒಳಗೆ ಹತ್ತಿ ಇಟ್ಟುಕೊಂಡು, ಜೇನುಮೇಣವನ್ನು ಉಗುರುಬೆಚ್ಚಗೆ ಮಾಡಿ ಬಲಗಿವಿಗೆ ಒತ್ತಿ, ಆರಿದ ಮೇಲೆ ತೆಗೆದು ಕಳಿಸು. ಬಿಸಿ ಮೇಣ ಹಾಕಿಕೊಂಡು ಸುಟ್ಟುಕೊಳ್ಳಬೇಡ.

ಅಡಿವೆಯ್ಯ


ದಾಂಡೇಲಿ
29 ನವೆಂಬರ್ 1964

ಅಕ್ಕನಿಗೆ ನಮಸ್ಕಾರ.

ಈ ಪತ್ರದ ಜೊತೆಗೇ ಯಂತ್ರವಿದೆ. ಇದು ಕೆಲಸ ಮಾಡುತ್ತದೆ.

ಹಲಗೆಯನ್ನು ಬಾಚಣಿಗೆಯ ಹಾಗೆ ಉದ್ದಕ್ಕೆ, ಕಿರಿದಾಗಿ ಬರೆದೆ. ದನಿ ಒಳಗೆ ಬರುವ ಕೊನೆ ಒಂದು ಕಡೆ, ಹೊರಗೆ ಹೋಗುವ ಕೊನೆ ಇನ್ನೊಂದು ಕಡೆ, ನಡುವೆ ಅಗಲವಾದ ತಾಮ್ರದ ಪಟ್ಟಿ. ಎರಡೂ ಕೊನೆಗಳನ್ನು ಹತ್ತಿರ ತಂದ ಹಲಗೆಗಳೆಲ್ಲ ಸಿಳ್ಳೆ ಹಾಕಿದವು. ಈ ಸಲ ನಕ್ಷೆಯನ್ನು ಮಗುಚಿಯೇ ಇಳಿಸಿದೆ. ಕಾಗದದ ಹಲಗೆ ತೇವ ಕುಡಿಯುತ್ತದೆ, ಅದಕ್ಕೆ ಪೂರ್ತಿ ವಾರ್ನಿಶ್ ಬಳಿದಿದ್ದೇನೆ. ಆದರೂ ತಲೆಸ್ನಾನ ಮಾಡಿದ ದಿನ ಕೂದಲು ಪೂರಾ ಒಣಗುವವರೆಗೆ ಹಾಕಬೇಡ.

ಮೇಣದ ಅಚ್ಚು ಮುರಿಯದೆ ಬಂತು. ಅದನ್ನು ಬೆರಳಿನಿಂದ ಹಿಡಿದು ನೋಡಿದೆ. ಚಿಕ್ಕವನಿದ್ದಾಗ ನಿನ್ನ ಬೆನ್ನ ಮೇಲೆ ಕುಳಿತು ಶಾಲೆಗೆ ಹೋಗುವಾಗ ನಾನು ಹಿಡಿದುಕೊಳ್ಳುತ್ತಿದ್ದದ್ದು ಇದೇ ಕಿವಿಯನ್ನು. ಹಳಿಯಾಳದಲ್ಲಿ ಲಗಮಪ್ಪ ಎಂಬ ಹಲ್ಲು ಕಟ್ಟುವವನಿದ್ದಾನೆ, ಅವನಿಗೆ ಕೊಟ್ಟು ಹಲ್ಲಿನ ವಸಡು ಮಾಡುವ ಗುಲಾಬಿ ವಸ್ತುವಿನಲ್ಲಿ ಎರಕ ಹೊಯ್ಯಿಸಿದೆ. ಅವನು ಮೇಣವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಯಾವ ದವಡಿ ಹಲ್ಲ್ರೀ? ನಾ ಇಂಥಾದ್ದು ನೋಡೇ ಇಲ್ಲ” ಎಂದ.

ಪರೀಕ್ಷೆಗೆ ನನಗೆ ತುರುಬಿಲ್ಲವಲ್ಲ. ಸುಭಾನಿ ತನ್ನ ಹೆಂಡತಿ ಖೈರುನ್ನಿಸಾಳನ್ನು ಕರೆದುಕೊಂಡು ಬಂದ. ಆಕೆ ನನ್ನ ಮುರುಕು ಕನ್ನಡಿ ಹಿಡಿದು ತುರುಬು ಬಿಚ್ಚಿ ಕಟ್ಟಿ, ಯಂತ್ರವನ್ನು ಒಳಗೆ ಮುಚ್ಚಿಟ್ಟಳು. ಅಚ್ಚು ನಿನ್ನ ಕಿವಿಯದ್ದಾದ್ದರಿಂದ ಆಕೆಗೆ ಹಿಡಿಯಲಿಲ್ಲ, ಬೆರಳಿನಿಂದ ಒತ್ತಿ ಹಿಡಿದುಕೊಂಡಳು. ಸುಭಾನಿ ಅಂಗಳದ ಆ ಕೊನೆಗೆ ಹೋಗಿ ತೀರ ಮೆಲುದನಿಯಲ್ಲಿ “ಖೈರೂ” ಎಂದ. ಆಕೆ ತಿರುಗದೆಯೇ, “ಯಾಕ ಒದರ್ತೀರಿ, ನಾ ಏನ್ ಕಿವುಡಿ ಏನು?” ಎಂದಳು. ಮೂವರೂ ನಕ್ಕೆವು. ಆಮೇಲೆ ಅವರಿಬ್ಬರೂ ಅದನ್ನೇ ಆಡಿಕೊಳ್ಳುತ್ತಾ ಮನೆಗೆ ಹೋದರು. ತಿರುವಿನವರೆಗೂ ಅವರ ನಗು ಕೇಳುತ್ತಿತ್ತು, ಯಂತ್ರವಿಲ್ಲದೆಯೇ.

ನಿನ್ನ ನೌಕರಿ ಉಳಿಯಲಿ ಎಂದು ಮನಸ್ಸಿನಿಂದಲೇ ಮಾಡಿದ್ದೇನೆ. ಮುಚ್ಚಿದ ಕೋಣೆಯಲ್ಲಿ ಇನ್ನು ಮೇಲೆ ಸಾಮಾನು ಇಡುತ್ತೇನೆ.

ಅಡಿವೆಯ್ಯ


ಚಿಗಳ್ಳಿ
20 ಡಿಸೆಂಬರ್ 1964

ಚಿ. ಅಡಿವೆಯ್ಯನಿಗೆ ಅಕ್ಕನ ಆಶೀರ್ವಾದ.

ಇನ್ಸ್‌ಪೆಕ್ಟರ್ ಸಾಹೇಬರು ಬಂದು ಹೋದರು. ನೌಕರಿ ಉಳಿಯಿತು. ಮೊದಲು ಅದನ್ನೇ ಬರೆದೆ, ಇನ್ನು ನಿಧಾನವಾಗಿ ಓದು.

ಅವರಿಗೆಂದು ಮುಂದೆ ಕುರ್ಚಿ ಹಾಕಿದ್ದೆವು. ಅವರು ಅದನ್ನು ಬಿಟ್ಟು ಹಿಂದಿನ ಗೋಡೆಗೆ ಹೋಗಿ ನಿಂತರು. ನಾನು ಕರಿಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದವಳಿಗೆ, “ಸಾಹೇಬ್ರ ಬೂಟಿಗೆ ಸಗಣಿ ಹತ್ತೇತಿ ನೋಡ” ಎಂದದ್ದು ಸ್ಪಷ್ಟವಾಗಿ ಕೇಳಿತು. ನಗು ತಡೆದುಕೊಳ್ಳುವುದರಲ್ಲಿ ಅಂಜಿಕೆ ಮರೆತುಹೋಯಿತು. ಅಷ್ಟರಲ್ಲಿ ಹಿಂದಿನಿಂದ ಸಾಹೇಬರು, “ಅಕ್ಕೋರ, ಲೆಕ್ಕ ಸಾಕು, ಏಳರ ಮಗ್ಗಿ ಅನ್ನಸ್ರಿ” ಎಂದರು. ನಾನು ಬರೆಯುವುದನ್ನು ನಿಲ್ಲಿಸದೆ, “ಅನ್ರಿ” ಎಂದೆ.

ಏಳರ ಮಗ್ಗಿಯೇ ಬರಬೇಕೇ! ಮಕ್ಕಳು ಈ ಸಲ ದನಿ ತೆಗೆದೇ ಅಂದರು. ಏಳೇಳಲೆ ಬಂದಾಗ ಒಂದು ಸಣ್ಣ ದನಿ ನಲವತ್ತೆಂಟು ಎಂದಿತು. ನಾನು ಬೆನ್ನು ತಿರುಗಿಸದೆಯೇ, “ನಲವತ್ತೊಂಬತ್ತು, ಗೋದುಬಾಯಿ” ಎಂದೆ. ಆ ಹುಡುಗಿಯ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ, ಆದರೆ ಪಾಟಿಯ ಮೇಲೆ ಬರೆಯುವಾಗ ಅವಳು ಯಾವಾಗಲೂ ಅಲ್ಲೇ ತಪ್ಪುತ್ತಾಳೆ.

ಸಾಹೇಬರು ಹತ್ತಿರ ಬಂದಾಗ ತಂತಿ ನೋಡಿದರು. “ಇದೇನ್ರಿ?” ಎಂದರು. ಮುಚ್ಚಿಡಬೇಕೆಂದು ಎಷ್ಟೋ ದಿನ ಯೋಚಿಸಿದ್ದೆ, ಬಾಯಿಗೆ ಬೇರೆಯೇ ಬಂತು. “ನನಗ ಕಿವಿ ಕೇಳಂಗಿಲ್ರಿ. ನನ್ನ ತಮ್ಮ ಮಾಡಿಕೊಟ್ಟಾನ” ಎಂದೆ. ಅವರು ತುರುಬಿನ ಕಡೆ ನೋಡಿದರು, ಶಿವಲಿಂಗಪ್ಪ ಮಾಸ್ತರರ ಕಡೆ ನೋಡಿದರು. “ನಮಗಿಂತ ಛಲೋ ಕೇಳ್ತದ ಬಿಡ್ರಿ ಇವರಿಗೆ” ಎಂದರು. ಮಾಸ್ತರರು ಸಂತೋಷಕ್ಕೆ ಕೆಮ್ಮಿದರು. ಅಷ್ಟು ಜೋರಾಗಿ ಬರಲಿಲ್ಲ, ತಡೆದಿದ್ದೀ.

ಇನ್ನು ಬರೆಯುವುದನ್ನು ನಿನಗಲ್ಲದೆ ಯಾರಿಗೂ ಬರೆಯಲಾರೆ. ಆ ಸಂಜೆ ಮನೆಗೆ ಬಂದು ಯಂತ್ರ ತೆಗೆಯಲಿಲ್ಲ. ಸಾಸಿವೆ ಸಿಡಿದದ್ದು ಕೇಳಿ ಸಂತೋಷವಾಯಿತು. ನನ್ನ ಬಳೆ, ನನ್ನ ಹೆಜ್ಜೆ, ತಂಬಿಗೆ ಇಟ್ಟ ಸಪ್ಪಳ. ಊಟ ಮಾಡಿ ಹೊಸ್ತಿಲ ಹತ್ತಿರ ಕುಳಿತೆ. ಕಿವಿ ಇಲ್ಲದಾಗ ನನಗೊಂದು ಅಂಜಿಕೆ ಇತ್ತು, ಯಾರೋ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾರೆ, ನನಗೇ ಕೇಳುತ್ತಿಲ್ಲ ಎಂದು. ಜೂನಿನಲ್ಲಿ ನಿನ್ನ ಪತ್ರ ಬಂದ ಮೇಲಂತೂ ಗಳಿಗೆಗೊಮ್ಮೆ ಎದ್ದು ಹೋಗಿ ಅಂಗಳ ನೋಡಿ ಬರುತ್ತಿದ್ದೆ. ಅಂಜಿಕೆ ಎಂದೆ, ಆದರೆ ಅದರಲ್ಲಿ ಸ್ವಲ್ಪ ಆಸೆಯೂ ಇತ್ತು. ಈಗ ಎಲ್ಲ ಕೇಳುತ್ತದೆ ಅಡಿವ್ಯಾ. ಕತ್ತಲಾಗುವವರೆಗೂ ಕಿವಿಗೊಟ್ಟು ಕುಳಿತಿದ್ದೆ. ಯಾರೂ ಕೂಗಲಿಲ್ಲ.

ನಾನು ಅಲ್ಲಿಗೆ ಬರುವುದಿಲ್ಲ ಎಂದು ಬರೆದಿದ್ದೆ. ನೀನು ಇಲ್ಲಿಗೆ ಬರಬೇಡ ಎಂದು ಎಲ್ಲಿಯೂ ಬರೆದಿಲ್ಲ, ಹಳೆಯ ಪತ್ರ ತೆಗೆದು ನೋಡು. ಆ ಕೋಣೆಗೆ ಸಾಮಾನು ತುಂಬುವ ಅವಸರ ಮಾಡಬೇಡ, ಬೇಸಿಗೆಯ ಸೂಟಿಯಲ್ಲಿ ನಾನು ಬಂದರೆ ಮಲಗುವುದೆಲ್ಲಿ? ಅದಕ್ಕೂ ಮೊದಲು, ಸಂಕ್ರಾಂತಿಯ ಮರುವಾರ ಅವ್ವನ ವರ್ಷದ ದಿನ ಬರುತ್ತದೆ. ಹೋಳಿಗೆ ಮಾಡುತ್ತೇನೆ. ಯಂತ್ರ ನೋಡಲು ಬಂದೆ ಎಂಬ ನೆಪ ಬೇಡ, ಬೆಸುಗೆ ಕಡ್ಡಿ, ಹಲಗೆ ಏನೂ ತರಬೇಡ. ಬೆಳಗಿನ ಬಸ್ಸಿಗೆ ಬಾ. ನಾನು ಅಂಗಳದಲ್ಲಿ ಆ ಕಡೆ ಮುಖ ಮಾಡಿ ಕಸ ಗುಡಿಸುತ್ತಿರುತ್ತೇನೆ. ಬಸ್ಸು ಬಂದದ್ದು ತಿಳಿದರೂ ತಿರುಗಿ ನೋಡುವುದಿಲ್ಲ.

ನೀನು ಬೇವಿನ ಗಿಡದ ಹತ್ತಿರ, ಆ ದಿನ ನಿಂತಲ್ಲೇ ನಿಂತು, ಒಮ್ಮೆ ಕೂಗು.

ನಿನ್ನ ಅಕ್ಕ
ಕಾಶೆವ್ವ